ಜೂನ್ ಒಂದರಂದು ಹುಟ್ಟಿದವರು

ಹಾಲೇಶ ತನ್ನ ಪ್ರೋಗ್ರಾಮಿನಲ್ಲಿ ಒಂದು ಪಾಸ್‌ವರ್ಡ್ ಸರಿಮಾಡಿದ್ದೇ ತಪ್ಪಾಯಿತು.

ಕಡೂರಿನ ತೆಂಗು ಬೆಳೆಗಾರರ ಸಂಘಕ್ಕೆ ಅವನೊಬ್ಬನೇ ಕಂಪ್ಯೂಟರ್ ಮನುಷ್ಯ. ಸದಸ್ಯರ ಹುಟ್ಟುಹಬ್ಬದ ದಿನ ಮೊಬೈಲಿಗೆ ತಾನಾಗಿಯೇ ಶುಭಾಶಯ ಹೋಗಬೇಕೆಂದು ಅಧ್ಯಕ್ಷ ಮಲ್ಲಿಕಾರ್ಜುನಪ್ಪನವರು ಹಟ ಹಿಡಿದಿದ್ದರು. ಹಾಲೇಶ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದ. ಆದರೆ ಹೆಸರು, ಹುಟ್ಟಿದ ದಿನವೆಲ್ಲ ಇದ್ದ ಡೇಟಾಬೇಸ್ ತರೀಕೆರೆ ಶಾಖೆಯಲ್ಲಿತ್ತು. ಮುನಿದ ಬೀಗರ ಹಾಗೆ ಅದು ಮೂರು ವಾರ ಇವನ ಪ್ರೋಗ್ರಾಮಿಗೆ ಬಾಗಿಲನ್ನೇ ತೆರೆಯಲಿಲ್ಲ. ತೆರೆದದ್ದು ಪಾಸ್‌ವರ್ಡ್ ಸರಿಹೋದ ಮೇಲೆ, ಜೂನ್ ಒಂದರ ಬೆಳಿಗ್ಗೆ.

ಅಂದು ಹಾಲೇಶನದೇ ಹುಟ್ಟುಹಬ್ಬ. ಆಸ್ಪತ್ರೆಯ ಚೀಟಿ ಸಮೇತ, ಅಪ್ಪಟ ನಿಜ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನಿಗೆ ಎರಡು ವರ್ಷದಿಂದ ಯಾರೂ ಶುಭಾಶಯ ಹೇಳಿರಲಿಲ್ಲ. ನೌಕರರ ಹೆಸರೂ ಅದೇ ಪಟ್ಟಿಯಲ್ಲಿತ್ತು; ಅವನದು ಕಟ್ಟಕಡೆಗೆ. ತಾನೇ ಬರೆದ ಪ್ರೋಗ್ರಾಮಾದರೂ ಒಂದು ಒಳ್ಳೆಯ ಮಾತು ಹೇಳಲಿ ಎಂದು ಫೋನನ್ನು ಎದುರಿಗಿಟ್ಟುಕೊಂಡು ಕುಳಿತ.

ಸಂದೇಶಗಳು ಒಂದೊಂದಾಗಿ ಹೊರಟವು. ಫೋನ್ ಹೊಡೆದುಕೊಂಡಿತು. ‘ವಿಚಾರಣೆಗೆ’ ಎಂದು ಸಂದೇಶದ ಕೆಳಗೆ ಹಾಕಿದ್ದು ಅವನದೇ ನಂಬರು. ಆ ಕಡೆ ಎಮ್ಮೆದೊಡ್ಡಿಯ ಕರಿಯಮ್ಮ.

“ಏನಪ್ಪಾ, ನಾನು ಹುಟ್ಟಿದ್ದು ಹುರುಳಿ ಕೀಳೋ ಕಾಲ್ದಾಗೆ ಅಂತ ನಮ್ಮವ್ವ ಹೇಳೋಳು. ನೀನ್ಯಾವನೋ ಇವತ್ತು ಅಂತೀಯಲ್ಲ! ನೀ ಬಂದು ನೋಡಿದ್ಯಾ?”

ಇಟ್ಟ ಕೂಡಲೇ ಬೀರೂರಿನ ಬಸವರಾಜಪ್ಪ. “ನಂಗೂ ನನ್ನ ಹೆಂಡ್ತಿಗೂ ಒಂದೇ ದಿನ ಹೆಂಗ್ರೀ? ಅವಳಾಗ್ಲೇ ಸೀರೆ ಕೇಳ್ತವ್ಳೆ ಕಣ್ರೀ!”

ಹಾಲೇಶ ಪಟ್ಟಿ ನೋಡಿ ಹಣೆ ಚಚ್ಚಿಕೊಂಡ. ಸಾವಿರದ ಇನ್ನೂರು ಮಂದಿ ಜೂನ್ ಒಂದರಂದೇ ಹುಟ್ಟಿದ್ದರು! ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಯಲ್ಲಿ ಮೇಷ್ಟ್ರು ಬರೆದುಕೊಳ್ಳುತ್ತಿದ್ದ ತಾರೀಖು ಅದು. ಶಾಲೆಯ ಮುಖ ನೋಡದವರಿಗೂ ಆಮೇಲೆ ಯಾರೋ ಅದನ್ನೇ ಅಂಟಿಸಿದ್ದರು.

ಪ್ರೋಗ್ರಾಮನ್ನು ಆಗಲೇ ನಿಲ್ಲಿಸಬಹುದಿತ್ತು. ಕೊನೆಯ ಹೆಸರೊಂದು ಬರಲಿ ಎಂದು ಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಕಡೂರು, ತರೀಕೆರೆ, ಅಜ್ಜಂಪುರದ ಕೌಂಟರುಗಳ ಮುಂದೆ ತಾರೀಖು ತಿದ್ದಿಸುವವರ ನೂಕುನುಗ್ಗಲು. ಡೇಟಾಬೇಸಿನ ಒಳಹೋಗಲು ಏಕಕಾಲಕ್ಕೆ ಹತ್ತೇ ದಾರಿ. ಬೀದಿ ನಲ್ಲಿಗೆ ಕೊಡ ಇಟ್ಟು ಕದಲದವರಂತೆ ಮೂರೂ ಊರಿನ ಕೌಂಟರುಗಳು ಹತ್ತನ್ನೂ ಹಿಡಿದು ಕೂತವು. ದಾರಿ ಸಿಗದೆ ಪ್ರೋಗ್ರಾಮ್ ಗಕ್ಕನೆ ನಿಂತಿತು. ಉಳಿದಿದ್ದದ್ದು ಒಂದೇ ಹೆಸರು.

ಅಷ್ಟರಲ್ಲಿ ಅಧ್ಯಕ್ಷರ ಫೋನ್. “ಲೇ ಹಾಲೇಶ, ನಂಗೂ ಬಂತಲ್ಲೋ! ಮನೆ ಮುಂದೆ ಜನ ಹಾರ ಹಿಡ್ಕಂಡು ನಿಂತವ್ರೆ. ಅಷ್ಟು ಜನಕ್ಕೂ ಮೈಸೂರ್‌ಪಾಕು ನಿಮ್ಮಪ್ಪ ಕೊಡ್ಸ್ತಾನಾ? ಇರು, ಸಂಜೆ ಒಳಗೆ ಇದಕ್ಕೊಂದು ಗತಿ ಕಾಣಿಸ್ತೀನಿ!”

ಐದೂವರೆಗೆ ಜನ ಕರಗಿದರು, ಕೌಂಟರುಗಳು ಮುಚ್ಚಿದವು. ದಿನವಿಡೀ ಬಡಿದುಕೊಂಡ ಫೋನ್ ಎಂದಿನಂತೆ ತಣ್ಣಗೆ ಮಲಗಿತು. ಹಾಲೇಶ ಪ್ರೋಗ್ರಾಮನ್ನು ಮತ್ತೆ ಶುರುಮಾಡಲು ಕೈಯಿಟ್ಟಾಗ ಡೇಟಾಬೇಸ್ ನೋಡಿಕೊಳ್ಳುವ ತರೀಕೆರೆಯ ಸಂಗೀತಾ ಫೋನ್ ಮಾಡಿದಳು.

“ಸರ್, ಅಧ್ಯಕ್ಷರು ಹೇಳಿದ್ರು ಅಂತ ಜೂನ್ ಒಂದು ಅಂತಿದ್ದ ತಾರೀಖೆಲ್ಲ ಅಳಿಸ್ಬಿಟ್ಟೆ. ಎಲ್ಲಾ ಸುಳ್ಳೇ ಅಲ್ವಾ? ನಿಜವಾಗ್ಲೂ ಇವತ್ತೇ ಹುಟ್ಟಿದೋರು ಯಾರಿರ್ತಾರೆ ಹೇಳಿ!” ಎಂದು ನಕ್ಕಳು.

ಹಾಲೇಶ ಪಟ್ಟಿಯ ಕಟ್ಟಕಡೆಯಲ್ಲಿದ್ದ ತನ್ನ ಹೆಸರಿನತ್ತ ನೋಡಿದ.

“ಹೂಂ... ಯಾರಿರ್ತಾರೆ ಬಿಡಿ.”

ಫೋನ್ ಇಟ್ಟವನು, ಆದರೂ ಒಮ್ಮೆ ನೋಡೋಣವೆಂದು ಗುಂಡಿ ಒತ್ತಿದ. ಮೂರು ವಾರ ಸತಾಯಿಸಿದ ತರೀಕೆರೆಯ ಬಾಗಿಲು ಈಗ ತಟ್ಟುವ ಮೊದಲೇ ತೆರೆಯಿತು. ಅವನೇ ಬರೆದಿಟ್ಟಿದ್ದ ಸಾಲು ಪರದೆಯ ಮೇಲೆ ಮೂಡಿತು:

“ಇವತ್ತು ಯಾರ ಹುಟ್ಟುಹಬ್ಬವೂ ಇಲ್ಲ.”