ಎಂಟಾದ ಮೂರನ್ನು ಮತ್ತೆ ಮೂರಾಗಿಸಿದ ಕದನ

ಹೇ ಸಾಬೂನುಫೇನವಿಭೂಷಿತೆಯಾದ ಘರ್ಷಣಾದೇವಿಯೇ, ಕಿವಿಗೊಡು! ಕಲಿಯುಗದ ಈ ಪಾದದಲ್ಲಿ, ಉಂಡ ತಟ್ಟೆಯನ್ನೂ ತೊಳೆದರಿಯದ ಹಾಸ್ಟೆಲ್‌ವೀರನೊಬ್ಬ ಕಾರು ತೊಳೆಯಲು ನಿಂತ ಅದ್ಭುತವನ್ನು ಹಾಡುವೆ.

ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಬೆಸೆದು ಕಟ್ಟಿದ ರೇಸ್ ಕಾರಿನ ಚಾಲಕ, ವಕ್ರಪಥಭಯಂಕರನಾದ ಫಕೀರೇಶ. ಅಂದು ಬೆಳಗಿನ ಓಟದಲ್ಲಿ, ಮುಂದಿನ ಗಾಡಿಗಳ ಚಕ್ರಗಳು ಉಗುಳಿದ ರಬ್ಬರು ಟಾರಿನೊಡನೆ ಕಲೆತು ಹಾರಿಬಂದು, ಅವನ ಕಾರಿನ ಮೂತಿಯ ಮೇಲಿನ 3ರ ಎಡಮಗ್ಗುಲಿಗೆ ಅಂಟಿ, ಅದನ್ನು ಸಾಕ್ಷಾತ್ 8 ಆಗಿಸಿತ್ತು.

ತಪಾಸಣಾಧಿಕಾರಿ ಗುಡುಗಿದರು: “ಟ್ರ್ಯಾಕಿನ್ಯಾಗ ಎರಡೆರಡು ಎಂಟು ಓಡೂ ಹಂಗಿಲ್ಲ. ಹತ್ತರೊಳಗ ತಿಕ್ಕಿ ತರ್ರಿ, ಇಲ್ಲಾಂದ್ರ ಫೈನಲ್ ಮರತಬಿಡ್ರಿ.”

ಹತ್ತಕ್ಕೆ ಅರ್ಧ ಗಂಟೆಯಿತ್ತು. ಫಕೀರೇಶ ತೆಂಗಿನ ನಾರನ್ನು ವಜ್ರಾಯುಧದಂತೆ ಎತ್ತಿ ಗರ್ಜಿಸಿದ: “ಎಲೈ ಕಜ್ಜಲಕಾಂತಿಯ ಕಳಂಕವೇ! ಮೂರು ಸಲ ಫೇಲಾದ ಗಣಿತದ ಪತ್ರಿಕೆಯೆದುರೂ ನಡುಗದ ತೋಳುಗಳಿವು! ನಿನ್ನನ್ನು ನಿರ್ವಂಶಗೊಳಿಸದೆ ಮಂಡಕ್ಕಿ ಗಿರ್ಮಿಟ್ಟು ಮುಟ್ಟೆನು!”

“ಭಾಷಣಾ ಸಾಕ್ ಮಾಡಲೇ,” ಎಂದಳು ಬದಲಿ ಚಾಲಕಿ ನೀಲಗಂಗಾ. “ಎಣ್ಣಿ ಹಚ್ಚೂಣೇನ? ಹಲಸಿನಹಣ್ಣಿನ ಮೇಣಾ ಎಣ್ಣಿಗೇ ಬಿಡ್ತೈತಿ.”

“ಏ, ಎಣ್ಣಿ ನಿನ್ನ ಜಡಿಗೆ ಹಚ್ಚಿಗೋ! ಇಲ್ಲೆ ರಟ್ಟಿ ಮಾತಾಡ್ತಾವು.”

ಆಗ ಮೊದಲಾಯಿತು ಮಹಾಮರ್ದನ. ನಾಲ್ಕು ಬಕೆಟ್ ನೀರು ಹರಿಯಿತು; ಎರಡು ಬಾರ್ ಸೋಪು ವೀರಸ್ವರ್ಗ ಸೇರಿದವು; ನೊರೆ ಉಕ್ಕಿ ಕ್ಷೀರಸಾಗರವಾಯಿತು; ಆ ಸಾಗರಮಧ್ಯದಲ್ಲಿ ದೇಹವಿಡೀ ಬಿಲ್ಲಾಗಿ ಬಾಗಿದ ವೀರನು ಎಡಗೈ ಸೋತರೆ ಬಲಗೈಯಿಂದ, ಬಲಗೈ ಸೋತರೆ ಎರಡರಿಂದಲೂ ತಿಕ್ಕಿದನು. ಕಲೆ ಮೊದಲಿಗಿಂತ ಹೆಚ್ಚು ಫಳಫಳ ಹೊಳೆಯಿತು.

ಹತ್ತಕ್ಕೆ ಐದು ನಿಮಿಷವಿರುವಾಗ ನೀಲಗಂಗಾ ಚೀಲದಿಂದ ಕೊಬ್ಬರಿ ಎಣ್ಣೆಯ ಸೀಸೆ ತೆಗೆದಳು. “ಸರಿ ಆಕಡೆ.” ಚಿಂದಿ ಬಟ್ಟೆಗೆ ನಾಲ್ಕು ಹನಿ ಹಾಕಿ, ಸುಮ್ಮನೆ ಅದುಮಿಟ್ಟು, ಎರಡು ಸಲ ಒರೆಸಿದಳು. ಎಂಟು ಮೂರಾಯಿತು.

“ನಾ ಸಡ್ಲ ಮಾಡಿಟ್ಟಿದ್ದೆ, ಅದಕ್ಕ ಬಂತು!” ಎಂದು ಫಕೀರೇಶ ಜಯಘೋಷ ಮಾಡಿದ.

ಅಧಿಕಾರಿ ಮೂತಿ ನೋಡಿದರು. “ಹೂಂ. ಡ್ರೈವರ್ ಹತ್ರಿ.”

ವೀರನು ಹೆಲ್ಮೆಟ್ಟಿಗೆ ಕೈಹಾಕಿದನು. ಹೆಲ್ಮೆಟ್ಟು ಜಾರಿ ಬಿತ್ತು. ಎತ್ತಿದನು, ಮತ್ತೆ ಬಿತ್ತು. ಬೆರಳುಗಳು ಮಡಚಲೊಲ್ಲವು, ತೋಳುಗಳು ಗಡಗಡ ನಡುಗುತ್ತಿದ್ದವು.

“ಸ್ಟೇರಿಂಗ್ ಹೆಂಗ ಹಿಡೀತೀಯಲೇ?” ಎಂದಳು ನೀಲಗಂಗಾ.

ಫಕೀರೇಶ ಪಕ್ಕಕ್ಕೆ ಸರಿದ. ಅವಳೇ ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಕೂತಳು. “ಬೆಲ್ಟರೆ ಜಗ್ಗಿ ಬಿಗಿ ಬಾ.”

“ಆಗವಲ್ದವಾ.”

ಅಧಿಕಾರಿಯೇ ಬಂದು ಬೆಲ್ಟು ಬಿಗಿದರು. ಕಾರು ಹೊಗೆಯುಗುಳಿ ಹೊರಟಿತು. ವಕ್ರಪಥಭಯಂಕರನು ಚಪ್ಪಾಳೆ ತಟ್ಟಲೂ ಆಗದೆ, ಗೋಡೆಗೊರಗಿ, ಬಾಯಲ್ಲೇ ಸೀಟಿ ಹೊಡೆದನು.