ದೋಣಿಯ ಮೇಲಿನ ಸಭಾಧ್ಯಕ್ಷ

ನಮ್ಮ ಬಾಡ ಊರಿನ ಕಡಲ ದಂಡೆಯಲ್ಲಿ ನಾಲ್ಕು ಜನ ಸೇರಿ ಕೂತರೆ ಏನಾದರೊಂದು ಆಗಿಯೇ ಆಗುತ್ತದೆ. ಆಗದಿದ್ದರೆ ಆಗುವ ಹಾಗೆ ಮಾಡಲು ನಾನಿದ್ದೇನೆ. ಈ ಸಲ ಕೂತದ್ದು ವಿಧಾನಸಭೆ. ನಿಜದ್ದಲ್ಲ, ಅಣಕು. ಹೊನ್ನಾವರದಲ್ಲಿ ಯುವಕ ಸಂಘಗಳಿಗೆ ಅದರದ್ದೊಂದು ಸ್ಪರ್ಧೆ ಇಟ್ಟಿದ್ದರು. ನಮ್ಮನ್ನು ತಯಾರು ಮಾಡಲು ರಿಟೈರಾದ ಸಮಾಜ ವಿಜ್ಞಾನದ ಮಾಸ್ತರು ಒಪ್ಪಿದ್ದರು. ದಂಡೆಗೆ ಎಳೆದಿಟ್ಟ ಹಳೇ ದೋಣಿಯೇ ವೇದಿಕೆ, ಅದರ ಮೇಲೆ ಸಭಾಧ್ಯಕ್ಷನಿಗೊಂದು ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಮರಳಿನಲ್ಲಿ ಸದಸ್ಯರು.

ಆ ಕುರ್ಚಿ ನನಗೆ ಬೇಕಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡುವವರೆಗೆ ನಾನು ಬೆಂಚಿನ ಮೇಲೆ ನಿಂತದ್ದೇ ಹೆಚ್ಚು. ಒಮ್ಮೆಯಾದರೂ ನಾನು ಕೂತು, ಓದಿದವರಿಗೆಲ್ಲ ‘ಕುಳಿತುಕೊಳ್ಳಿ’ ಅನ್ನಬೇಕು. ಅದನ್ನು ಹೊನ್ನಾವರದಲ್ಲಿ ನನ್ನ ಹೆತ್ತ ಆಯಿ ಮುಂದಿನ ಸಾಲಿನಲ್ಲಿ ಕೂತು ನೋಡಬೇಕು. ಇಷ್ಟೇ ಆಸೆ.

೧. ಜೋರು ದನಿ

“ಸದ್ಯಕ್ಕೆ ನಾನು ಹಂಗಾಮಿ ಅಧ್ಯಕ್ಷ,” ಅಂದರು ಮಾಸ್ತರು. “ಸದಸ್ಯರು ತಮ್ಮಲ್ಲೇ ಒಬ್ಬನನ್ನ ಆರಿಸ್ಬೇಕು. ಈ ಹುಡುಗನ ಹೆಸರು ಬಂದದೆ. ಒಪ್ಪಿದವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ. ದನಿ ಯಾವುದು ಜೋರೋ ಅದು ಗೆದ್ದ ಹಾಗೆ.”

ನಮ್ಮ ಕೇರಿಯಲ್ಲಿ ದನಿ ಜೋರಿರುವುದು ಚಿಕ್ಕ ಮಕ್ಕಳದ್ದು. ಸಭೆ ತುಂಬಲಿ ಎಂದು ಅವರನ್ನೂ ಸದಸ್ಯರಾಗಿ ಕೂರಿಸಿದ್ದರು. ನಾನು ಮೊದಲೇ ಅವರ ಕಿವಿಯಲ್ಲಿ ಊದಿದ್ದೆ: “ಮಾಸ್ತರು ಹೌದು ಅನ್ನಿ ಅಂದ ಕೂಡ್ಲೆ ಯಾರು ಜೋರು ಕೂಗ್ತಾರೋ ಅವರಿಗೆ ಐಸ್ ಕ್ಯಾಂಡಿ. ಮಾಸ್ತರೇ ಕೊಡ್ಸೂದು.”

ಮಕ್ಕಳು ಕೂಗಿದ ರಭಸಕ್ಕೆ ಆಚೆ ಗದ್ದೆಯ ಬೆಳ್ಳಕ್ಕಿಗಳು ಎದ್ದು ಹೋದವು. “ಆತು, ನೀನು ಆರಿಸಿ ಬಂದೆ,” ಎನ್ನುವಷ್ಟರಲ್ಲಿ ಮಕ್ಕಳೆಲ್ಲ ಮಾಸ್ತರ ಪಂಚೆ ಹಿಡಿದು ಸುತ್ತುವರಿದಿದ್ದರು. ಕ್ಯಾಂಡಿ ಹಂಚಿ ಮುಗಿಸಿ ಮಾಸ್ತರು ಉಸಿರು ಬಿಟ್ಟರು: “ನೌಕರಿ ಪೂರ್ತಿ ಎಲೆಕ್ಷನ್ ಡ್ಯೂಟಿ ಮಾಡಿದೆ ಮಾರಾಯ. ಅಭ್ಯರ್ಥಿ ಕೊಟ್ಟ ಭರವಸೆಯನ್ನ ಅಧಿಕಾರಿಯೇ ಈಡೇರಿಸಿದ್ದು ಇದೇ ಮೊದಲು.”

೨. ಒಲ್ಲೆ, ಒಲ್ಲೆ

ಆರಿಸಿ ಬಂದವನು ಸುಮ್ಮನೆ ಹೋಗಿ ಕೂರುವಂತಿಲ್ಲ. ಮುಖ್ಯಮಂತ್ರಿಯೂ ವಿರೋಧ ಪಕ್ಷದ ನಾಯಕನೂ ಆಚೆ ಈಚೆ ನಿಂತು ಕುರ್ಚಿಯವರೆಗೆ ಕರೆದೊಯ್ಯಬೇಕು. ಇಂಗ್ಲೆಂಡಿನಲ್ಲಿ ಎಳೆದುಕೊಂಡೇ ಹೋಗುತ್ತಾರಂತೆ.

“ಅಲ್ಲಿ ಹಿಂದೆ ರಾಜನಿಗೆ ಬೇಡದ ಸುದ್ದಿ ಹೇಳೂಕೆ ಹೋದ ಸ್ಪೀಕರುಗಳ ತಲೆ ಹೋದದ್ದುಂಟು. ಹಾಗಾಗಿ ಕುರ್ಚಿ ಅಂದ್ರೆ ಹೆದರಿಕೆ. ನೀನೂ ಸ್ವಲ್ಪ ಕೊಸರಾಡು, ಚಂದ ಕಾಣ್ತದೆ,” ಅಂದರು ಮಾಸ್ತರು.

ಸ್ವಲ್ಪ ಎನ್ನುವುದು ನನಗೆ ಬರುವುದಿಲ್ಲ. ಮರಳಿನಲ್ಲಿ ಬಿದ್ದು ಹೊರಳಿದೆ. “ಅಯ್ಯಯ್ಯೋ ಒಲ್ಲೆ! ನನ್ನ ತಲೆ ಹೋದ್ರೆ ಆಯಿ ಎಣ್ಣೆ ಯಾರಿಗೆ ಹಚ್ಚೂದು!”

ವಿರೋಧ ಪಕ್ಷದ ನಾಯಕ ಭಟ್ಕಳದಿಂದ ಅಜ್ಜಿಮನೆಗೆ ಬಂದಿದ್ದ ನಯದ ಮಾತಿನ ಹುಡುಗ. ನನ್ನ ಕೈ ಬಿಟ್ಟುಬಿಟ್ಟ. “ಪಾಪ, ಅವನಿಗೆ ಮನಸ್ಸಿಲ್ಲ ಮಾಸ್ತರೇ. ಒತ್ತಾಯ ಮಾಡೂದು ತಪ್ಪು,” ಎಂದು ತಾನೇ ದೋಣಿ ಹತ್ತತೊಡಗಿದ. ನಾನು ಓಡಿ ಹೋಗಿ ಅವನ ಕಾಲು ಹಿಡಿದೆ.

“ಕುರ್ಚಿ ಬೇಡ ಅಂತ ಅತ್ತು, ಅದೇ ಕುರ್ಚಿಗೆ ಕಾಲು ಹಿಡಿದವ ನಾನೊಬ್ನೇ ಇರ್ಬೇಕು ಮಾಸ್ತರೇ,” ಅಂದೆ ಆಮೇಲೆ.

“ಇಲ್ಲ ತಮಾ. ದಿನಾ ಪೇಪರಿನಲ್ಲಿ ಬರ್ತದೆ,” ಅಂದರು.

೩. ಅಲೆಗಳ ಸಭೆ

ದೋಣಿಯ ಮೇಲೆ ಕೂತರೆ ಸದಸ್ಯರ ತಲೆಗಳಾಚೆ ಬರೀ ಸಮುದ್ರ. ಸಂಜೆ ಬಿಸಿಲಿಗೆ ನೀರು ತಿಕ್ಕಿಟ್ಟ ಹಿತ್ತಾಳೆ ಹರಿವಾಣದ ಹಾಗೆ ಹೊಳೆಯುತ್ತಿತ್ತು. ಗಾಳಿ ಬೀಸಿದಷ್ಟೂ ಸದಸ್ಯರ ಮಾತು ದೂರ ಸರಿದು, ಬೇರೆ ಯಾವುದೋ ಊರಿನಲ್ಲಿ ಯಾರೋ ಜಗಳವಾಡಿದಂತೆ ಕೇಳುತ್ತಿತ್ತು. ಅಲೆಯೊಂದು ಪ್ರಶ್ನೆ ಕೇಳುವವರ ಹಾಗೆ ಎದ್ದು ನಿಲ್ಲುತ್ತಿತ್ತು. ‘ಕುಳಿತುಕೊಳ್ಳಿ,’ ಅನ್ನುತ್ತಿದ್ದೆ ಮೆಲ್ಲಗೆ. ಕೂತುಬಿಡುತ್ತಿತ್ತು. ಅದರ ಹಿಂದಿನದು ಏಳುತ್ತಿತ್ತು. ನನಗೂ ಅವಸರವಿರಲಿಲ್ಲ. ಕಣ್ಣು ಮುಚ್ಚಿದರೆ ಹೊನ್ನಾವರ. ಮುಂದಿನ ಸಾಲಿನಲ್ಲಿ ಆಯಿ, ಮುಡಿಯಲ್ಲಿ ಅಬ್ಬಲಿಗೆ.

“ಮಾನ್ಯ ಅಧ್ಯಕ್ಷರು ಯಾವ ಸಭೆ ನಡೆಸ್ತಿದ್ದಾರೆ? ಇದೋ, ಅದೋ?” ಅಂದಳು ಉಪಾಧ್ಯಕ್ಷೆ. ಅವಳು ಕುಮಟೆಯ ಕಾಲೇಜಿಗೆ ಹೋಗುವ ನಮ್ಮ ನೆರೆಮನೆಯ ಹುಡುಗಿ, ನಿಯಮವೆಲ್ಲ ಬಾಯಿಪಾಠ. ಅಧ್ಯಕ್ಷ ರಾಜೀನಾಮೆ ಕೊಡುವುದಾದರೆ ಉಪಾಧ್ಯಕ್ಷರಿಗೆ, ಉಪಾಧ್ಯಕ್ಷರು ಕೊಡುವುದಾದರೆ ಅಧ್ಯಕ್ಷನಿಗೆ. ಸಿಟ್ಟಿನಲ್ಲಿ ಅವಳು ಒಂದು ಚೀಟಿ ಗೀಚಿ ನನ್ನ ಅಂಗೈಯಲ್ಲಿಟ್ಟಳು. ನಾನು ಕಣ್ಣು ಬಿಡುವಷ್ಟರಲ್ಲಿ ಗಾಳಿ ಅದನ್ನು ಎತ್ತಿಕೊಂಡು ನೀರಿಗೆ ಹಾಕಿತು.

“ಕೊಟ್ಟಾಯ್ತು, ನಾ ಬಿಟ್ಟೆ!” ಅಂದಳು.

“ನಂಗೆಲ್ಲಿ ಬಂತು? ನೀ ಕೊಟ್ಟದ್ದು ಸಮುದ್ರಕ್ಕೆ. ಅದು ಒಪ್ಪಿದ್ರೆ ನಿಂಗೇ ತಿಳಿಸ್ತದೆ, ಕಾಯ್ತಾ ಕೂತ್ಕೊ.”

೪. ಎದ್ದವರ ಲೆಕ್ಕ

ಅವಳು ಕಾಯಲಿಲ್ಲ. ನನ್ನನ್ನೇ ಇಳಿಸುವ ನಿರ್ಣಯ ಬರೆದು ಭಟ್ಕಳದ ಹುಡುಗನ ಕೈಯಲ್ಲಿ ಮಂಡನೆ ಮಾಡಿಸಿದಳು. ಹದಿನಾಲ್ಕು ದಿನ ಮೊದಲೇ ನೋಟಿಸ್ ಕೊಡಬೇಕೆಂದು ಸಂವಿಧಾನದಲ್ಲಿದೆಯಂತೆ. ಹಾಗಾಗಿ ಅದು ಚರ್ಚೆಗೆ ಬಂದದ್ದು ಸ್ಪರ್ಧೆಯ ಹಿಂದಿನ ಸಂಜೆ. ಇಳಿಸಲು ಹಾಜರಿದ್ದವರಲ್ಲಿ ಹೆಚ್ಚಿನವರು ಒಪ್ಪಿದರೆ ಸಾಲದು, ಸಭೆಯ ಒಟ್ಟು ಸದಸ್ಯರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು. ಆ ಹೊತ್ತಿನಲ್ಲಿ ನಾನು ಕುರ್ಚಿಯಲ್ಲಿ ಕೂರುವಂತಿಲ್ಲ. ಕೆಳಗೆ ಕೂತು ಮಾತಾಡಬಹುದು, ವೋಟೂ ಹಾಕಬಹುದು. ಉಪಾಧ್ಯಕ್ಷೆ ದೋಣಿಯ ಮೇಲೆ, ನಾನು ಮರಳಿನಲ್ಲಿ.

“ನಾ ನಿದ್ದೆ ಮಾಡಿದ್ದು ಹೌದು,” ಅಂದೆ. “ಆದ್ರೆ ಸರ್ಕಾರ ಮಾತಾಡುವಾಗಲೂ ಮಾಡಿದೆ, ವಿರೋಧ ಪಕ್ಷ ಮಾತಾಡುವಾಗಲೂ ಮಾಡಿದೆ. ಇಷ್ಟು ಭೇದಭಾವ ಇಲ್ಲದ ಅಧ್ಯಕ್ಷ ನಿಮಗೆ ಎಲ್ಲಿ ಸಿಗ್ತಾನೆ?”

ಸಭೆಯೆಲ್ಲ ನಕ್ಕಿತು. ಮಕ್ಕಳಂತೂ ನನ್ನ ಕಡೆಯೇ. “ನಿರ್ಣಯಕ್ಕೆ ಒಪ್ಪಿಗೆ ಇರುವವರು ಎದ್ದು ನಿಲ್ಲಿ,” ಅಂದಳು ಉಪಾಧ್ಯಕ್ಷೆ. ಭಟ್ಕಳದವನೂ ಅವನ ಒಂದಿಬ್ಬರು ಗೆಳೆಯರೂ ಎದ್ದರು. ಉಳಿದೆ ಅಂದುಕೊಂಡು ಬೆಚ್ಚಗಿನ ಮರಳಿನಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದೆ. ಹೊನ್ನಾವರದ ಚಪ್ಪಾಳೆ ಆಗಲೇ ಕೇಳಿಸತೊಡಗಿತ್ತು.

“ರಂಪಣೀ! ಹಗ್ಗಕ್ಕೆ ಬನ್ರೋ!”

ರಂಪಣಿ ಅಂದರೆ ದಂಡೆಯಲ್ಲಿ ನಿಂತು ಊರೇ ಎಳೆಯುವ ದೊಡ್ಡ ಬಲೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು. ಆ ಕೂಗು ಕೇಳಿದರೆ ನಮ್ಮಲ್ಲಿ ಊಟಕ್ಕೆ ಕೂತವರೂ ಏಳುತ್ತಾರೆ. ಮಕ್ಕಳು ಎದ್ದರು, ಮಂತ್ರಿಗಳು ಎದ್ದರು. ಎಲ್ಲರಿಗಿಂತ ಮೊದಲು ನಾನೆದ್ದೆ; ಕಣ್ಣು ಬಿಡುವ ಮೊದಲೇ ಕಾಲು ಎದ್ದಾಗಿತ್ತು.

ದೋಣಿಯ ಮೇಲಿಂದ ದನಿ ಬಂತು: “ಸದಸ್ಯರೆಲ್ಲರೂ ಎದ್ದಿದ್ದಾರೆ. ನಿರ್ಣಯ ಸರ್ವಾನುಮತದಿಂದ ಅಂಗೀಕಾರ!”

“ಹೋಯ್, ನಾ ಎದ್ದದ್ದು ಮೀನಿಗೆ!”

“ಎಂತಕ್ಕೆ ಎದ್ರಿ ಅಂತ ಕೇಳೂಕೆ ನಿಯಮ ಇಲ್ಲ. ಎದ್ದವರನ್ನ ಎಣಿಸೂದಷ್ಟೇ.”

ಮಾಸ್ತರು ಪಂಚೆ ಎತ್ತಿ ಕಟ್ಟಿ ಹಗ್ಗದ ಕಡೆ ಓಡುತ್ತಿದ್ದರು. “ಮಾಸ್ತರೇ, ನೀವಾದ್ರೂ ಹೇಳಿ!”

“ಅವಳು ಹೇಳಿದ್ದು ಸರಿ ತಮಾ. ನಿನ್ನನ್ನ ಇಳಿಸೂಕೆ ನೀನೇ ವೋಟು ಹಾಕಿದೆ. ಈಗ ಹಗ್ಗನಾದ್ರೂ ಗಟ್ಟಿ ಹಿಡ್ಕೋ.”

ಪಾಲಿಗೆ ಬಂದ ಬಂಗಡೆಯನ್ನು ಬುಟ್ಟಿಯಲ್ಲಿ ಹೊತ್ತು ಮನೆಗೆ ಹೋದೆ. “ಆಯಿ, ಎಲ್ಲರೂ ಸೇರಿ ನನ್ನ ಇಳಿಸಿಬಿಟ್ರು. ನಾಳೆ ನೀ ಬಂದ್ರೂ ನಾ ಕುರ್ಚಿಯಲ್ಲಿ ಇರೂದಿಲ್ಲ.”

ಆಯಿ ನನ್ನ ಮುಖ ನೋಡಿದಳು, ಬುಟ್ಟಿಯೊಳಗೆ ಇಣುಕಿದಳು, ಮತ್ತೆ ನನ್ನ ಮುಖ ನೋಡಿದಳು.

“ಬೇಜಾರು ಮಾಡ್ಬೇಡ ಮಗಾ, ಇನ್ನೊಮ್ಮೆ ಆರಿಸಿ ಬಾ. ಹಿಂಗೆ ವಾರಕ್ಕೊಮ್ಮೆ ಇಳಿಸಿದ್ರೆ ಪೇಟೆಯಿಂದ ಮೀನು ತರೂದೇ ಬೇಡ.”