ಕುರಿಯ ರಕ್ತ, ಎಮ್ಮೆಯ ಕೆಚ್ಚಲು

ನಿಂತಲ್ಲಿ ನಿಲ್ಲದ ನನ್ನಂಥವನಿಗೆ ಕಾಯುವ ಕೆಲಸವೇ ಗಂಟುಬೀಳಬೇಕೆ? ಎಪ್ಪತ್ತರ ದಶಕದ ಕೊನೆಯಲ್ಲಿ ಕೂಡ್ಲಿಗಿಯಲ್ಲಿ ದನದ ಡಾಕ್ಟರೊಬ್ಬರ ಲ್ಯಾಬಿನಲ್ಲಿದ್ದೆ. ಕ್ರಿಮಿ ಬೆಳೆಯುವುದನ್ನು ಕಾಯುವುದೇ ಅಲ್ಲಿ ನನ್ನ ಕೆಲಸ. ಕಾದಷ್ಟೂ ಇಂಥವು ನಡೆಯುತ್ತಲೇ ಇದ್ದವು.

೧. ಒಪ್ಪಿಗೆ

ಕೆಚ್ಚಲು ಬಾವು ಬಂದ ಎಮ್ಮೆಯ ಹಾಲನ್ನು ಒಬ್ಬ ಹೆಂಗಸು ತಂದಿದ್ದಳು. ಪರೀಕ್ಷೆಗೆ ಕುರಿಯ ರಕ್ತ ಬೇಕು. ಕುರಿ ಸಾಕಿದ್ದ ಮುದುಕನೊಬ್ಬ ಕೊಡುತ್ತೇನೆಂದ, ಆದರೆ ಕುರಿ ಒಪ್ಪಬೇಕಂತೆ. ದೇವರಿಗೆ ಕೊಡುವಾಗ ಮಾಡುವಂತೆ ಅದರ ಬೆನ್ನಿಗೆ ನೀರು ಚಿಮುಕಿಸಿದ. ಮೈ ಕೊಡವಿದರೆ ಒಪ್ಪಿಗೆ. ಕುರಿ ಕಲ್ಲಿನಂತೆ ನಿಂತಿತು. ಸಿರಿಂಜು ಹಿಡಿದು ಸುತ್ತುತ್ತಿದ್ದ ನಾನು ತಾಳಲಾರದೆ ತಂಬಿಗೆ ಕಿತ್ತುಕೊಂಡು ಸುರಿದೆ. ತಣ್ಣೀರೆಲ್ಲ ಜಾರಿ ನನ್ನ ಪ್ಯಾಂಟಿಗೇ ಬಿತ್ತು. ನಾನು ಮೈ ಕೊಡವಿದೆ.

“ನೀವು ಒಪ್ಪಿದ್ರಿ ಬಿಡ್ರಿ,” ಅಂದ ಮುದುಕ, “ಕುರಿ ಇನ್ನಾ ವಿಚಾರ ಮಾಡಾಕತ್ತೈತಿ.”

೨. ಜೋಡಿ ಕೆಲಸ

ಅಂತೂ ಕುರಿ ಮನಸ್ಸು ಮಾಡಿತು. ಹೆಂಗಸಿಗೆ ಮಾತ್ರ ಜೀವ ಹಿಡಿಯಾಗಿತ್ತು. ಎಮ್ಮೆ ಅವಳು ತವರಿನಿಂದ ತಂದದ್ದು. ವಾಸಿಯಾಗದಿದ್ದರೆ ಕೊಟ್ಟೂರು ಸಂತೆಗೆ ಹೊಡೆಯುತ್ತೇನೆಂದು ಮೈದುನ ತುದಿಗಾಲಲ್ಲಿದ್ದ.

ರಕ್ತ ಬೆರೆಸಿದ ಗಾಜಿನ ತಟ್ಟೆ ತೋರಿಸಿ ಅವಳಿಗೆ ವಿವರಿಸಿದೆ. ನಮ್ಮ ಲ್ಯಾಬಿನಲ್ಲೇ ಬೆಳೆಸಿದ ಒಂದು ಕ್ರಿಮಿಯ ಕಿಣ್ವ ಕೆಂಪು ರಕ್ತಕಣದ ಪೊರೆಯನ್ನು ಸಡಿಲಿಸುತ್ತದೆ, ಪೂರ್ತಿ ಒಡೆಯುವುದಿಲ್ಲ. ಹಾಲಿನಲ್ಲಿರುವುದು ನಾವು ಹುಡುಕುವ ಕ್ರಿಮಿಯೇ ಆದರೆ, ಅದರ ರಸವೂ ಬಂದು ಸೇರಿದ ಜಾಗದಲ್ಲಿ ಕಣ ಪೂರ್ತಿ ಒಡೆದು, ಕೆಂಪಿನ ನಡುವೆ ಬಾಣದ ಮೊನೆಯಂಥ ತಿಳಿ ಗುರುತು ಮೂಡುತ್ತದೆ. ಮೂಡಿದರೆ ಪೆನಿಸಿಲಿನ್‌ಗೆ ವಾಸಿ.

“ತಿಳೀತು ಬಿಡ್ರಿ,” ಅಂದಳು. “ನಮ್ಮತ್ತಿ ಒಬ್ಬಾಕಿ ಇದ್ರ ಹೆಂಗರ ತಡಕಂತೀನಿ. ನಾದಿನಿ ಬಂದು ಕೂಡಿದ ದಿನಾನ ನಾ ಒಡಿಯಾದು.”

೩. ಬಾಣ

ತಟ್ಟೆ ಮರುದಿನದವರೆಗೆ ಬೆಚ್ಚಗಿನ ಪೆಟ್ಟಿಗೆಯಲ್ಲಿರಬೇಕು. ನಾನು ಬಾಗಿಲು ತೆಗೆತೆಗೆದು ನೋಡಿ ಡಾಕ್ಟರಿಂದ ಬೈಸಿಕೊಂಡೆ. ಬೆಳಿಗ್ಗೆ ಅವಳೂ ಮೈದುನನೂ ಬಂದರು. ಅವನು ಎಮ್ಮೆಯನ್ನು ಹೊಡೆದುಕೊಂಡೇ ಬಂದಿದ್ದ, ಹಗ್ಗ ಕೈಬಿಟ್ಟಿರಲಿಲ್ಲ.

ತಟ್ಟೆ ತಂದು ಜಗಲಿಯ ಮೇಲಿಟ್ಟೆ. ಬಾಣ ಚೆನ್ನಾಗಿ ಮೂಡಿತ್ತು. ನನಗಂತೂ ಕುಣಿಯುವಷ್ಟು ಖುಷಿ. ವಾಸಿಯಾಗುತ್ತದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಮೈದುನ ಬಗ್ಗಿ ತಟ್ಟೆ ನೋಡಿದ, ತಲೆಯೆತ್ತಿ ರಸ್ತೆ ನೋಡಿದ.

“ಬಾಣ ಕೊಟ್ಟೂರು ಕಡೀಗೆ ತೋರ್ಸೈತಿ. ದೇವ್ರ ಹೇಳಿದ ಮ್ಯಾಲ ಮುಗೀತು, ಸಂತಿಗೇ ಹೋಗ್ಲಿ,” ಅಂದು ಹಗ್ಗ ಎಳೆದ.

ಅದು ದಿಕ್ಕಲ್ಲ, ರೋಗದ ಗುರುತು ಅಂತ ನಾನು ತೊದಲುತ್ತ ಹೇಳಿದೆ. ಅವನು ಕೇಳಲೊಲ್ಲ. ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು.

“ಈಗ ನೋಡಪ, ನಮ್ಮ ಮನಿ ಕಡೀಗೆ ತೋರ್ಸೈತಿ. ದೇವ್ರು ಮನಸು ಬದಲಿಸ್ಯಾನ. ಹಗ್ಗ ಕೊಡು.”